ಶರ್ವರಿಯ ಮರದ ಎತ್ತು

ವರ್ಧಾದ ನಮ್ಮ ಓಣಿಯಲ್ಲಿ ಅಂದು ತಾನ್ಹಾ ಪೋಳಾ, ಮಕ್ಕಳ ಎತ್ತಿನ ಹಬ್ಬ. ಮಕ್ಕಳೆಲ್ಲ ಮರದ ಎತ್ತುಗಳಿಗೆ ಗೆಜ್ಜೆ ಕಟ್ಟಿಕೊಂಡು ಮಾರುತಿ ಗುಡಿಯ ಮುಂದಿನ ಎತ್ತಿನ ಸ್ಪರ್ಧೆಗೆ ಹೊರಟಿದ್ದರು. ವೇಣುಬಾಯಿಯ ಮನೆ ಬಾಗಿಲು ಮಾತ್ರ ಮುಚ್ಚಿತ್ತು. ಒಳಗೆ ಮೊಮ್ಮಗಳು ಶರ್ವರಿ ಅಳುತ್ತಿದ್ದಳು. ಹೊರಗೆ ಅವಳಪ್ಪ, ಬಡಗಿ ಮುಕುಂದ, ತಾನೇ ಕೆತ್ತಿದ ಎತ್ತನ್ನು ಅವುಚಿಕೊಂಡು ನಿಂತಿದ್ದ.

ಮುಕುಂದನಿಗೂ ವೇಣುಬಾಯಿಯ ಮಗಳು ಪ್ರಣಾಲಿಗೂ ಹೋದ ವರ್ಷ ಕೋರ್ಟಿನಲ್ಲಿ ವಿಚ್ಛೇದನ ಆಗಿತ್ತು. ಮಗು ತಾಯಿಯ ಹತ್ತಿರ ಇರಲಿ, ಭಾನುವಾರ ಮತ್ತು ಹಬ್ಬದ ಸಂಜೆ ಅಪ್ಪನ ಜೊತೆ ಕಳೆಯಲಿ ಎಂದು ನ್ಯಾಯಾಧೀಶರು ಹೇಳಿದ್ದರು. ವೇಣುಬಾಯಿ ಕೇಳಬೇಕಲ್ಲ! ಅವನು ಬಂದಾಗಲೆಲ್ಲ ಒಂದೇ ಮಾತು: ಮಗು ಮನೆಯಲ್ಲಿಲ್ಲ.

ನಾನು ಕಾನೂನು ಸೇವಾ ಪ್ರಾಧಿಕಾರದ ಕಾರ್ಯಕರ್ತೆ. ಅದಕ್ಕಿಂತ ಮೊದಲು ವೇಣುಬಾಯಿಯ ಪಕ್ಕದ ಮನೆಯವಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ.

"ಕಾಕು, ಬಾಗಲಾ ತಗೀರಿ."

"ತಗಿಯಂಗಿಲ್ಲ. ಹಿರ್‍ಯಾರ ಮುಂದ ಕಡ್ಡಿ ಮುರದೈತಿ. ಇನ್ನ ಎಲ್ಲೀ ಅಪ್ಪ?"

ನಮ್ಮ ಕಡೆ ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರು ಒಂದು ಕಡ್ಡಿ ಮುರಿಯುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ವೇಣುಬಾಯಿಯ ಲೆಕ್ಕ.

"ಆ ಕಡ್ಡಿ ಯಾರ್‍ಯಾರ ನಡುವ ಮುರದ್ರು?"

"ಪ್ರಣಾಲಿದು, ಆ ಮುಕುಂದಂದು."

"ಅದರಾಗ ಶರ್ವರಿ ಹೆಸರು ಬಂತೇನು?"

ವೇಣುಬಾಯಿ ಮುಖ ತಿರುಗಿಸಿದಳು.

"ಗಂಡ ಹೆಂಡತಿ ಬ್ಯಾರೆ ಆಗಬಹುದು ಕಾಕು. ಅಪ್ಪ ಮಗಳು ಬ್ಯಾರೆ ಆಗಂಗಿಲ್ಲ. ಅಪ್ಪನ್ನ ನೋಡೂದು ಕೂಸಿನ ಹಕ್ಕು. ಅಂವನ ಮ್ಯಾಲಿನ ಸಿಟ್ಟು ಈಕಿ ಮ್ಯಾಲ ಯಾಕ ತೀರಸ್ತೀರಿ?"

ಮುದುಕಿ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಕರಕೊಂಡ ಹೋಗಿ ವಾಪಸ್ ತರಲಿಲ್ಲಂದ್ರ? ಅಕೀನ ಬಿಟ್ಟು ನಾ ಹ್ಯಾಂಗ ಇರಲಿ?"

ಅಯ್ಯೋ, ಹಠದ ಕೆಳಗೆ ಇದ್ದದ್ದು ಈ ಹೆದರಿಕೆ. ಪಕ್ಕದಲ್ಲಿ ಕೂತು ಹೇಳಿದೆ: "ಹೊತ್ತಿಗೆ ತಂದು ಬಿಡಬೇಕಂತ ಕೋರ್ಟ ಹೇಳೈತಿ. ತರಲಿಲ್ಲಂದ್ರ ಕೋರ್ಟ ಅಂವನ್ನ ಕೇಳತೈತಿ. ಕುಡೀತಾನ, ಹೊಡೀತಾನ ಅನ್ನೂ ಅಂಜಿಕಿ ಇದ್ರ, ಬ್ಯಾರೆಯವರ ಎದುರಿಗೇ ಭೇಟಿ ಆಗಲಿ ಅಂತ ಅರ್ಜಿ ಹಾಕಬಹುದು. ನಾವ ಚಿಲಕಾ ಹಾಕಿದ್ರ ತಪ್ಪು ನಮ್ದಾಗತೈತಿ."

ಅಷ್ಟು ಹೊತ್ತು ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದ ಪ್ರಣಾಲಿ ಎದ್ದು ಬಂದಳು.

"ಅಂವ ನನಗ ಛಲೋ ಗಂಡ ಆಗಲಿಲ್ಲ ಆಯಿ. ಆಕಿಗೆ ಛಲೋ ಅಪ್ಪ ಅದಾನ," ಎಂದು ಚಿಲಕ ತೆಗೆದಳು.

ಶರ್ವರಿ ಓಡಿಹೋಗಿ ಅಪ್ಪನ ಕೊರಳಿಗೆ ಬಿದ್ದಳು. ಆಮೇಲೆ ಎತ್ತನ್ನು ನೋಡಿ, "ಬಾಬಾ, ಇದಕ್ಕ ಕಣ್ಣ ಇಲ್ಲ," ಎಂದಳು.

"ನೀ ಬರೀಲಿ ಅಂತ ಬಿಟ್ಟೀನಿ."

ಶರ್ವರಿ ಇದ್ದಿಲಿನಿಂದ ಬರೆದಳು; ಒಂದು ಕಣ್ಣು ದೊಡ್ಡದು, ಒಂದು ಸಣ್ಣದು ಬಂತು. ಆ ಎತ್ತೇ ಗುಡಿಯ ಮುಂದೆ ಮೊದಲ ಬಹುಮಾನ ಗೆದ್ದಿತು ನೋಡಿ! ಹೇಳಿದ ಹೊತ್ತಿಗೆ ಸರಿಯಾಗಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಕುಂದ ಬಾಗಿಲಿಗೆ ಬಂದ. ವೇಣುಬಾಯಿ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಎತ್ತಿಗೆ ಆರತಿ ಬೆಳಗಿ, ಹೋಳಿಗೆಯ ಡಬ್ಬಿಯನ್ನು ಅವನ ಕೈಗಿಟ್ಟಳು.

"ಭಾನುವಾರ ತಡಾ ಮಾಡಬ್ಯಾಡ. ಹುಡುಗಿ ಕಾಯ್ತಿರತಾಳ."

ಅಕ್ಕಂದಿರೇ, ಅಣ್ಣಂದಿರೇ, ಕೋರ್ಟು ಗೊತ್ತು ಮಾಡಿದ ಹೊತ್ತಿಗೆ ಮಗುವನ್ನು ಕಳಿಸಿಕೊಡಿ. ಕರೆದೊಯ್ದವರು ಹೊತ್ತಿಗೆ ಸರಿಯಾಗಿ ತಂದುಬಿಡಿ. ಅಂಜಿಕೆಯಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಬನ್ನಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಅಲ್ಲಿ ವಕೀಲರ ನೆರವು ಉಚಿತ. ಕಡ್ಡಿ ಮುರಿದದ್ದು ನಿಮ್ಮಿಬ್ಬರ ನಡುವೆ. ಮಗುವಿಗೆ ಅಮ್ಮನೂ ಬೇಕು, ಅಪ್ಪನೂ ಬೇಕು. ಚಿಲಕ ತೆಗೆಯಿರಿ.