ಇರುವೆ ಮುಟ್ಟದ ಮೀನು

ಗಂಡ ಕನೂಟ್ ಅರ್ಮಿನಾಳ ಕನಸಿನಲ್ಲಿ ಬಂದದ್ದು ಮೂರು ಸಲ. ಮೊದಲೆರಡು ಸಲ ಏನೂ ಮಾತಾಡದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಒದ್ದೆ ಅಂಗಿಯಿಂದ ಇಳಿದ ನೀರು ಕಾಲಡಿ ಮಡುಗಟ್ಟಿತ್ತು. ಮೂರನೆಯ ಸಲ ಬಾಯಿ ಬಿಟ್ಟ. “ನನ್ ಮೀನೆಲ್ಲೇ?” ಅಂದ.

ಕ್ಯಾರಿಯಕೂ ದ್ವೀಪದಲ್ಲಿ ಸತ್ತವರು ಕನಸಿಗೆ ಬಂದು ಊಟ ಕೇಳಿದರೆ ಬಡಿಸದೆ ಇರುವಂತಿಲ್ಲ. ಒಳಕೋಣೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಉಪ್ಪು ಹಾಕದ ಅಡುಗೆಯನ್ನು ತಟ್ಟೆಗಿಟ್ಟು, ಬಾಗಿಲು ಮುಚ್ಚಿ ಬರಬೇಕು. ಅರ್ಮಿನಾ ತನ್ನ ತಾಯಿಗೂ ಅತ್ತೆಗೂ ಹಾಗೆ ತಟ್ಟೆ ಇಟ್ಟವಳೇ. ಅವರು ಕೇಳಿದ್ದು ಕೋಳಿ, ಮೆಕ್ಕೆಜೋಳದ ಮುದ್ದೆ, ಮನೆಯಲ್ಲೇ ಇರುವಂಥದ್ದು. ಕನೂಟ್ ಕೇಳಿದ್ದು ಯಾವ ಮೀನು ಎಂದು ಅವಳಿಗೆ ಕೇಳದೆಯೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಅವನು ತಂದಿದ್ದ ಬರಾಕುಡವನ್ನು, ವಿಷದ ಮೀನೆಂದು ಅವಳು ಸಮುದ್ರಕ್ಕೆ ಎಸೆದಿದ್ದಳು. ಅವನು ಮಾತಾಡದೆ ಮಲಗಿದ. ಬೆಳಗಾಗುವ ಮುಂಚೆ ಇನ್ನೊಂದು ತರಲು ಹೋದವನು ಹಿಂದಿರುಗಲಿಲ್ಲ. ದೋಣಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಸಮಾಧಿಯ ಕಲ್ಲು ನೆಡೋಣವೆಂದರೆ ಅಡಿಯಲ್ಲಿ ಮಲಗಲು ಯಾರಿದ್ದಾರೆ?

ಆ ಮೀನನ್ನು ಮಾರುಕಟ್ಟೆಯಿಂದ ಕೊಂಡು ಇಡಲು ಅವಳಿಗೆ ಮನಸ್ಸು ಬರಲಿಲ್ಲ. ಎಸೆದ ಕೈಯೇ ತರಬೇಕು.

ಹಾಗಾಗಿ ಕನೂಟನ ಮೀನುಗಾರಿಕೆಯ ಪೆಟ್ಟಿಗೆಯನ್ನು ಮಂಚದಡಿಯಿಂದ ಎಳೆದು ಜಗಲಿಗೆ ತಂದಿಟ್ಟು, ಕನೂಟನ ಅಣ್ಣ ಹನೋಕನಿಗೆ ಹೇಳಿಕಳಿಸಿದಳು. ಹನೋಕ ದೋಣಿ ಕಟ್ಟುವವನು. ಎಪ್ಪತ್ತು ದಾಟಿದ್ದರೂ ಮರ ಕೆತ್ತುವ ಬಾಚಿ ಹಿಡಿಯುವ ಕೈ ಇನ್ನೂ ನಡುಗುತ್ತಿರಲಿಲ್ಲ.

“ಭಾವ, ಬರಾಕುಡಕ್ಕೆ ಯಾವ ಗಾಳ?”

“ಯಾರು ಹಿಡಿಯೋದು?”

“ನಾನು.”

ಹನೋಕ ಗೋಡೆಗೆ ಕೈಯೂರಿ ನಕ್ಕ. “ಏ ಹುಡುಗಿ, ಅರವತ್ತು ಹತ್ರ ಬಂತು ನಿಂಗೆ. ದಡದಲ್ಲಿ ಕಟ್ಟಿದ ದೋಣೀಲಿ ಕೂತ್ರೂ ವಾಂತಿ ಮಾಡ್ಕೊಳ್ಳೋಳು ನೀನು!”

“ಮಾಡ್ಕೊಂಡೇ ಹಿಡೀತೀನಿ ಬಿಡು. ಅವ್ನು ಬಂದಿದ್ದ. ಮೀನು ಕೇಳ್ದ.”

ಹನೋಕನ ನಗು ನಿಂತಿತು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಪೆಟ್ಟಿಗೆ ತೆರೆದಾಗ ತುಕ್ಕು ಮತ್ತು ತಂಬಾಕಿನ ವಾಸನೆ ಬಂತು. ಅರ್ಮಿನಾ ಎಲ್ಲಕ್ಕಿಂತ ದೊಡ್ಡ ಗಾಳಕ್ಕೆ ಕೈಹಾಕಿದಳು. ಹನೋಕ ಅವಳ ಕೈಯ ಮೇಲೆ ಮೆಲ್ಲಗೆ ಹೊಡೆದ.

“ಅದನ್ನ ಬಿಡು. ದೊಡ್ಡ ಗಾಳಕ್ಕೆ ದೊಡ್ಡದೇ ಬರುತ್ತೆ. ವಿಷ ಇರೋದು ದೊಡ್ಡದ್ರಲ್ಲೇ. ಮೊಣಕೈಯುದ್ದದ್ದು ಸಾಕು ನಮ್ಗೆ.” ಹೆಬ್ಬೆರಳಷ್ಟು ಉದ್ದದ, ನೀಳ ಕಡ್ಡಿಯ ಗಾಳವೊಂದನ್ನು ಆರಿಸಿ ಉಗುರಿನ ಮೇಲೆ ಎಳೆದು ನೋಡಿದ. ಮೊನೆ ಜಾರಲಿಲ್ಲ, ಗೀರು ಬಿತ್ತು. “ಇದು ಸರಿ.”

“ದಾರ ಇದೇ ದಪ್ಪದ್ದು ಸಾಕಾ?”

“ದಾರ ಎಷ್ಟ್ ದಪ್ಪ ಇದ್ರೇನು, ಆ ಹಲ್ಲಿಗೆ ಅದು ಶ್ಯಾವಿಗೆ. ಗಾಳದ ಹಿಂದೆ ಒಂದು ಗೇಣು ಉಕ್ಕಿನ ತಂತಿ ಇರ್ಲೇಬೇಕು.” ತಂತಿಯ ಸುರುಳಿ ಬಿಚ್ಚಿ, ಗಂಟು ಬಿದ್ದಿದ್ದ ಭಾಗವನ್ನು ಕತ್ತರಿಸಿ ಎಸೆದ. “ಒಂದ್ಸಲ ಮಡಚಿಕೊಂಡ ತಂತೀನ ನಂಬ್ಬಾರ್ದು. ಅಲ್ಲೇ ಕಡಿಯುತ್ತೆ.”

ಪೆಟ್ಟಿಗೆಯ ತಳದಲ್ಲಿ ಬಟ್ಟೆಯೊಳಗೆ ಸುತ್ತಿದ್ದೇನೋ ಸಿಕ್ಕಿತು. ಬಿಡಿಸಿದಳು. ಹಿಡಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಗಾಳ ಸಿಕ್ಕಿಸಿದ್ದ ಚಮಚ. ನೀರಿನಲ್ಲಿ ಎಳೆದರೆ ಸಣ್ಣ ಮೀನಿನ ಹಾಗೆ ಹೊಳೆಯುವಂಥದ್ದು. ಅಂಚಿನಲ್ಲಿ ದ್ರಾಕ್ಷಿ ಗೊಂಚಲಿನ ಕೆತ್ತನೆ.

“ಅಯ್ಯೋ, ಇದು ನನ್ ಮದುವೆ ಚಮಚ!” ಅಂದಳು ಅರ್ಮಿನಾ. “ಆರಿತ್ತು, ಐದಾಗಿತ್ತು. ಪಕ್ಕದ್ಮನೆಯವಳ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದೆ. ಇವ್ನೂ ನನ್ಜೊತೆ ಮೇಜಿನಡಿ ತೂರಿ ಹುಡುಕಿದ್ದನಲ್ಲ!”

“ಹುಡುಕೋದ್ರಲ್ಲಿ ಕನೂಟ್ ಎತ್ತಿದ ಕೈ,” ಅಂದ ಹನೋಕ. ಇಬ್ಬರೂ ನಕ್ಕರು. ಆಮೇಲೆ ಅವಳು ಆ ಚಮಚವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ಬಹಳ ಹೊತ್ತು ತೆಗೆದುಕೊಂಡಳು. ಅದನ್ನು ಸಮುದ್ರಕ್ಕಿಳಿಸಲಾರೆ, ಮೀನು ಕಿತ್ತುಕೊಂಡು ಹೋದೀತು ಎಂದಳು. ಹನೋಕ ಒತ್ತಾಯ ಮಾಡಲಿಲ್ಲ.

“ಹಾಗಾದ್ರೆ ಎರೆಗೆ ಮೀನೇ ಬೇಕು. ಕೊಕ್ಕಿನಂಥ ಮೂತಿಯ ಸಣ್ಣ ಬೆಳ್ಳಿ ಮೀನು, ಬೆಳಿಗ್ಗೆ ಬಲೆಗೆ ಬಿದ್ದದ್ದು. ನಿನ್ನೇದು ತಂದ್ರೆ ನಿನ್ನ ಮುಖ ನೋಡಿ ನಗುತ್ತೆ ಬರಾಕುಡ. ಬಾಯಿಂದ ಗಾಳ ತೂರಿಸಿ ಹೊಟ್ಟೇಲಿ ಮೊನೆ ತೆಗೀಬೇಕು, ಮೂತೀನ ತಂತಿಗೆ ಕಟ್ಬೇಕು. ಎಳೆದಾಗ ಅದು ಗಿರಗಿರ ತಿರುಗ್ಬಾರ್ದು, ಈಜ್ಬೇಕು.” ಅವನ ಕಣ್ಣು ಅವಳ ಕೈಯ ಮೇಲೆ ನಿಂತಿತು. “ಆ ಉಂಗುರ ತೆಗೆದಿಡು. ಹೊಳೆಯೋದು ಕಂಡ್ರೆ ಬರಾಕುಡ ಬೆರಳ್ಯಾವ್ದು, ಎರೆ ಯಾವ್ದು ಅಂತ ನೋಡಲ್ಲ.”

ಮೂರು ವರ್ಷದಿಂದ ಎಷ್ಟು ಜನ ಹೇಳಿದರೂ ತೆಗೆಯದ ಮದುವೆಯ ಉಂಗುರ. ಅವಳು ಎದ್ದು ಹೋಗಿ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು. ಅದರಡಿಯ ಚರ್ಮ ಬೇರೆ ಯಾರದೋ ಎಂಬಂತಿತ್ತು.

ಮರುದಿನ ಬೆಳಕು ಹರಿಯುವಾಗ ಗಾಳಿ ಬೀಸುವ ಕಡೆಯ ಹವಳದ ದಿಬ್ಬದ ಪಕ್ಕ ಹನೋಕ ದೋಣಿ ಬಿಟ್ಟ. ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಮೂರನೆಯ ಸಲಕ್ಕೆ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಕೈಯಲ್ಲಿದ್ದ ದಾರ ಸರ್ರನೆ ಓಡತೊಡಗಿತು. ಅಂಗೈಗೆ ಸುತ್ತಿದ್ದ ಬಟ್ಟೆ ಜಾರಿ ದಾರ ಉಂಗುರದ ಬೆರಳನ್ನು ಕೊಯ್ದಿತು. ಬಿಡಲಿಲ್ಲ. “ಸುತ್ಕೋಬೇಡ, ಎಳಿ! ಎಳೀ!” ಎಂದು ಹನೋಕ ಕಿರುಚುತ್ತಿದ್ದ. ಮೀನು ದೋಣಿಯಂಚಿಗೆ ಬಂದಾಗ ಹನೋಕ ಬಡಿಗೆಯಿಂದ ತಲೆಗೊಂದು ಕೊಟ್ಟ. ಮೊಣಕೈಯಿಂದ ಬೆರಳಿನ ತುದಿಯವರೆಗಿನ ಉದ್ದ, ಅಷ್ಟೇ.

ದಡಕ್ಕೆ ಬರುವಾಗ ಒಂದು ಮಳೆ ಸುರಿದು ಹೋಯಿತು. ಮನೆಯಂಗಳದಲ್ಲಿ ಅವಳು ಮೀನಿನ ಹೊಟ್ಟೆ ಸೀಳಿ, ಪಿತ್ತಜನಕಾಂಗದ ತುಂಡೊಂದನ್ನು ಹುಣಸೆಮರದಡಿಯ ಇರುವೆಗೂಡಿನ ಪಕ್ಕ ಇಟ್ಟಳು. ಈ ಮೀನು ತಿನ್ನುವ ಮುಂಚೆ ಅವಳ ತಾಯಿ ಮಾಡುತ್ತಿದ್ದದ್ದು ಅದೇ. ಇರುವೆ ಮುಟ್ಟಿದರೆ ತಿನ್ನಬಹುದು, ಮುಟ್ಟದಿದ್ದರೆ ವಿಷ. ಕಾದಳು. ಒಂದು ಇರುವೆಯೂ ಬರಲಿಲ್ಲ.

ಅವಳು ಅಲ್ಲೇ ನೆಲಕ್ಕೆ ಕೂತಳು. “ಭಾವ, ಇದೂ ಹಾಗೇ. ಅವತ್ತೂ ಇರುವೆ ಮುಟ್ಲಿಲ್ಲ.”

“ಏ, ಈಗ ತಾನೆ ಮಳೆ ಬಿತ್ತಲ್ಲ ಹುಡುಗಿ,” ಅಂದ ಹನೋಕ, ಚಾಕು ತೊಳೆಯುತ್ತಾ. “ಮಳೇಲಿ ಯಾವ ಇರುವೆ ಹೊರಗ್ಬರುತ್ತೆ? ನೆಲ ಒಣಗ್ಲಿ.”

ಚಾಕು ತೊಳೆಯುವ ಸದ್ದು ನಿಂತಿತು.

“ಅವತ್ತೂ ಮಳೆ ಬಂದಿತ್ತು,” ಅಂದಳು ಅರ್ಮಿನಾ.

ಹನೋಕ ಚಾಕುವನ್ನು ಕೆಳಗಿಟ್ಟ.

“ನಿಂಗೆ ಗೊತ್ತಿತ್ತಾ?”

“ಕನೂಟ್ ಹೇಳಿದ್ದ. ದೋಣಿ ತಳ್ಳುವಾಗ. ‘ಮಳೇಲಿ ಇರುವೆ ಹುಡುಕ್ತಾಳೆ ನೋಡು ನನ್ ಹೆಂಡ್ತಿ’ ಅಂತ ನಗ್ತಿದ್ದ. ‘ಸಂಜೆಗೆ ಇನ್ನೊಂದು ತರ್ತೀನಿ, ಅಷ್ಟೊತ್ತಿಗೆ ನೆಲ ಒಣಗಿರುತ್ತೆ’ ಅಂದ.”

“ನಗ್ತಿದ್ನಾ?”

“ನಗ್ತಿದ್ದ.”

ಮೂರು ವರ್ಷ ಅವಳು ಸಿಟ್ಟಿನ ಮುಖವೊಂದನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದಳು. “ಇದನ್ನ ನನಗ್ಯಾಕೆ ಹೇಳ್ಲಿಲ್ಲ ಭಾವ?”

“ನಗ್ತಾ ಹೋದ ಅಂತ ಹೇಳಿದ್ರೆ, ಮೀನು ಚೆನ್ನಾಗೇ ಇತ್ತು ಅನ್ನೋದನ್ನೂ ಹೇಳ್ಬೇಕಾಗಿತ್ತಲ್ಲ,” ಅಂದ ಹನೋಕ. “ಒಂದನ್ನ ಬಿಟ್ಟು ಒಂದು ಹೇಳೋಕೆ ನಂಗ್ ಬರ್ಲಿಲ್ಲ.”

ಬಿಸಿಲು ಬಂತು. ಮರದ ಬುಡದ ಮಣ್ಣು ಬಣ್ಣ ಬದಲಿಸಿತು. ಮೊದಲು ಒಂದು ಇರುವೆ ಬಂದು ತುಂಡಿನ ಸುತ್ತ ಓಡಾಡಿ ಹಿಂದಿರುಗಿತು. ಆಮೇಲೆ ಸಾಲು ಬಂತು. ಹನೋಕ ಹೋದ ಮೇಲೂ ಅವಳು ಎದ್ದೇಳಲಿಲ್ಲ. ತುಂಡು ಪೂರ್ತಿ ಕರಗುವವರೆಗೆ ನೆಲದಲ್ಲೇ ಕೂತು ನೋಡಿದಳು.

ಮಧ್ಯಾಹ್ನ ಮೀನನ್ನು ಉಪ್ಪಿಲ್ಲದೆ ಬೇಯಿಸಿ, ಒಳಕೋಣೆಯ ಮೇಜಿನ ಮೇಲೆ ಇಟ್ಟಳು. ಉಂಗುರ ಹಾಕಿಕೊಳ್ಳಲು ನೋಡಿದಳು. ಕೊಯ್ದ ಬೆರಳು ಊದಿತ್ತು, ಹತ್ತಲಿಲ್ಲ. ಅದನ್ನು ತಟ್ಟೆಯ ಎಡಕ್ಕೆ ಇಟ್ಟು, ಬಲಕ್ಕೆ ಉಳಿದ ಐದು ಚಮಚಗಳಲ್ಲಿ ಒಂದನ್ನಿಟ್ಟಳು. ಕುರ್ಚಿಯನ್ನು ಅವನು ಕೂರುತ್ತಿದ್ದ ಹಾಗೆ ಸ್ವಲ್ಪ ಓರೆಗೆ ಎಳೆದಳು.

“ನೆಲ ಒಣಗಿದೆ,” ಅಂದಳು. “ಬಾ.”

ಹೊರಗೆ ಬಂದು ಬಾಗಿಲು ಮುಚ್ಚಿದಳು.