ನೀರಿನ ಎಡಗೈ

ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಅಲ್ಪವಿರಾಮ' ಎಂದೇ ಕರೆಯುತ್ತಿದ್ದರು. ಯಾರ ವಾಕ್ಯವನ್ನೂ ಪೂರ್ತಿಯಾಗಲು ಬಿಡದೆ ನಡುವೆ ಬಾಯಿ ಹಾಕಿ, "ಇದು ಈಗಲೂ ಹೀಗೇ ಇದೆಯಾ? ಯಾರು ನೋಡ್ಕೊಂಡು ಬಂದ್ರು?" ಎಂದು ಕೇಳುವ ಹೆಂಗಸು. ಚಾರಣದ ಕೈಪಿಡಿಗಳನ್ನು ಅಚ್ಚು ಹಾಕಿಸುವ ಆ ಪುಟ್ಟ ಸಂಸ್ಥೆಯಲ್ಲಿ ಅವಳ ಕೆಲಸವೇ ಅದು. ಬೆಟ್ಟ ನಿಂತಲ್ಲೇ ನಿಂತಿರುತ್ತದೆ ಎಂದು ನಂಬಿದವರು ಒಮ್ಮೆ ಬಂದು ಅವಳ ಮೇಜನ್ನು ನೋಡಬೇಕು. ಮುರಿದ ಸೇತುವೆ, ಬತ್ತಿದ ಒರತೆ, ಹೊಸದಾಗಿ ಬೇಲಿ ಬಿದ್ದ ಕಾಲುದಾರಿ, ಎಲ್ಲವೂ ಹಳದಿ ಚೀಟಿಗಳಾಗಿ ಬಂದು ಅಲ್ಲಿ ಕೂರುತ್ತಿದ್ದವು. ಒಂದು ಕೈಪಿಡಿಯ ಆರನೆಯ ಮುದ್ರಣ ಹೊರಬಂದು ಮೂರು ವಾರವಾಗಿತ್ತು. ಮೊದಲ ಕಟ್ಟಿನ ಒಂದು ಪ್ರತಿಯನ್ನು ಅವಳು ತಮ್ಮನಿಗೆ ಕೊಟ್ಟಿದ್ದಳು. ಇವತ್ತು ಅವನು ಅದನ್ನೇ ಹಿಡಿದುಕೊಂಡು, ಅದರಲ್ಲಿನ ನಲವತ್ತೊಂದನೆಯ ದಾರಿಯಲ್ಲಿ ಒಬ್ಬನೇ ಬೆಟ್ಟ ಹತ್ತುತ್ತಿದ್ದ.

ಹತ್ತೂಕಾಲಿಗೆ ಟಪಾಲು ಬಂತು. ಅದೇ ನಲವತ್ತೊಂದನೆಯ ದಾರಿಯ ತಂಗುಮನೆಯ ಕಾವಲುಗಾರ ಒಂದು ಫೋಟೊ ಕಳಿಸಿದ್ದ. ಕೇಳಿ ನಾಲ್ಕು ತಿಂಗಳಾಗಿತ್ತು, ಈಗ ದಯಮಾಡಿಸಿತ್ತು. ಹಳೆಯ ಸೇತುವೆಯ ಬಳಿ ನಿಂತು ಮೇಲ್ಮುಖವಾಗಿ ತೆಗೆದ ಚಿತ್ರ. ಅಲ್ಲಿಂದ ಹಳ್ಳದ ಎರಡೂ ಬದಿಗೆ ಒಂದೊಂದು ದಾರಿ ಹೋಗಿ ಮೇಲೆ ನೆತ್ತಿಯಲ್ಲಿ ಕೂಡುತ್ತದೆ. ಚಿತ್ರದ ಬಲಗಡೆ ಗುಡ್ಡದ ಚರ್ಮ ಸುಲಿದಂತೆ ಕೆಂಪು ಮಣ್ಣು ಜಾರಿತ್ತು. ಗುರುತು ಹಾಕಿ ಮುಗಿಸೋಣವೆಂದು ಅವಳು ಪುಸ್ತಕ ತೆರೆದಳು. 'ಸೇತುವೆಯ ಬಳಿಯಿಂದ ಹಳ್ಳದ ಎಡದಂಡೆಯಲ್ಲೇ ಸಾಗಿ. ಬಲದಂಡೆಯ ದಾರಿ ಕುಸಿದಿದೆ.' ಚಿತ್ರದಲ್ಲೂ ಬಲ, ಪುಸ್ತಕದಲ್ಲೂ ಬಲ. ಸರಿ ಎಂದು ಪೆನ್ನೆತ್ತಿದವಳ ಕೈ ಅಲ್ಲೇ ನಿಂತಿತು. ಚಿತ್ರದಲ್ಲಿ ನೀರು ಅವಳ ಕಡೆಗೇ ಹರಿದು ಬರುತ್ತಿತ್ತು.

ಹಳ್ಳದ ದಂಡೆಗೆ ಎಡಬಲ ಹೇಳುವುದು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು. ನಡೆಯುವವನು ಹತ್ತಲಿ, ಇಳಿಯಲಿ, ದಂಡೆಯ ಹೆಸರು ಬದಲಾಗಬಾರದು, ಅದಕ್ಕೆ. ಪುಸ್ತಕದ ಮೊದಲ ಪುಟದಲ್ಲೇ ಅವಳು ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಳು. ಆ ಲೆಕ್ಕದಲ್ಲಿ ಹತ್ತುವವನ ಬಲಗೈ ಕಡೆ ಇರುವುದೇ ಎಡದಂಡೆ. ಕುಸಿದಿರುವುದು ಅದೇ. ಅವಳ ಪುಸ್ತಕ ಜನರನ್ನು ನೇರ ಅಲ್ಲಿಗೇ ಕಳಿಸುತ್ತಿತ್ತು.

ತಮ್ಮನ ಫೋನು ಸಿಗಲಿಲ್ಲ. ತಂಗುಮನೆಗೆ ಮಾಡಿದಳು.

"ಸೇತುವೆ ಹತ್ರ ಎಡಕ್ಕೆ ಹೋಗ್ಬೇಕು ಅಂತ ಆವತ್ತು ಹೇಳಿದ್ರಲ್ಲ, ಯಾವ ಎಡ ಅದು?"

"ಯಾವ ಎಡ ಅಂದ್ರೆ? ಹತ್ತೋವಾಗ ಎಡಗೈ ಕಡೆ," ಎಂದ ಕಾವಲುಗಾರ. "ನೀರಿಗೂ ಎಡಗೈ ಬಲಗೈ ಇರುತ್ತಾ ತಾಯಿ?"

"ಒಬ್ರು ಬಂದಿದ್ರಾ ಅಲ್ಲಿಗೆ, ಗಡ್ಡ ಬಿಟ್ಟಿರೋರು?"

"ನಿನ್ನೆ ಸಂಜೆ ಬಂದ್ರು. ದಾರಿ ಹೇಳ್ತೀನಿ ಅಂದೆ. ಬೇಡ, ನಮ್ಮಕ್ಕ ಮಾಡಿರೋ ಪುಸ್ತಕ ಇದೆ ಅಂದ್ರು. ಬೆಳಗ್ಗೆ ಏಳಕ್ಕೆ ಹೊರಟ್ರು."

ಏಳಕ್ಕೆ ಹೊರಟರೆ ಸೇತುವೆಗೆ ಮೂರು ಗಂಟೆ. ಅದನ್ನು ಬರೆದವಳೂ ಅವಳೇ. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

"ಆ ಕಡೆ ಹೋದ್ರೆ ಏನಾಗುತ್ತೆ?" ಎಂದು ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ಎರಡನೇ ತಿರುವಿನ ತನಕ ದಾರಿ ಚೆನ್ನಾಗೇ ಇರುತ್ತೆ. ಆಮೇಲೆ ಮೇಲೆ ಹುಲ್ಲಿರುತ್ತೆ, ಅಡಿಯಲ್ಲಿ ಮಣ್ಣಿರಲ್ಲ. ಅಡ್ಡ ಕಟ್ಟಿದ್ದ ಹಗ್ಗ ಗಾಳಿಗೆ ಕಿತ್ತೋಯ್ತು. ಇವತ್ತು ಮಂಜು ಬೇರೆ." ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ನಾನೇ ಹೋಗ್ತೀನಿ. ಫೋನೆತ್ತೋಕೆ ಇಲ್ಲಿ ಯಾರೂ ಇರಲ್ಲ, ಗಾಬರಿಯಾಗ್ಬೇಡಿ."

ಗಾಬರಿಯಾಗಬೇಡಿ ಅಂದರೆ ಆಗದೆ ಇರುತ್ತದೆಯೇ? ಅವಳು ರಕ್ಷಣಾ ದಳದವರಿಗೂ ಫೋನು ಮಾಡಿದಳು. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ, ನಡೆದು ತಲುಪಲು ಮಧ್ಯಾಹ್ನ ಮೂರಾಗುತ್ತದೆ ಎಂದರು. ಯಜಮಾನರ ಕೋಣೆಗೆ ಹೋಗಿ ನಿಂತಳು. ವಿಷಯ ಕೇಳಿ, "ತಿದ್ದುಪಡಿ ಚೀಟಿ ಅಂಟಿಸೋಣ ಬಿಡಮ್ಮ," ಎಂದು ಶುರು ಮಾಡಿದವರು, ಅವಳ ಮುಖ ನೋಡಿ ಫೋನೆತ್ತಿಕೊಂಡರು. ಒಂದೊಂದೇ ಪುಸ್ತಕದಂಗಡಿಗೆ ಫೋನು ಮಾಡಿ ಮಾರಾಟ ನಿಲ್ಲಿಸಲು ಹೇಳತೊಡಗಿದರು. ಆ ಹೊತ್ತಿಗೆ ಒಂಬೈನೂರು ಪ್ರತಿ ಹೋಗಿಯಾಗಿತ್ತು.

ತನ್ನ ಜಾಗಕ್ಕೆ ಬಂದು ಅವಳು ಹಳದಿ ಚೀಟಿಯನ್ನು ಹುಡುಕಿ ತೆಗೆದಳು. ಅವಳದೇ ಕೈಬರಹ. ಕಾವಲುಗಾರ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡಿದ್ದಳು, 'ಎಡಕ್ಕೆ ಹೋಗಬೇಕು' ಎಂದು. ಪುಟಕ್ಕೆ ಏರಿಸುವಾಗ 'ಎಡಕ್ಕೆ' ಎಂಬುದು ತೀರಾ ಬೀದಿಮಾತಿನಂತೆ ಕಂಡು, ಅದನ್ನು 'ಎಡದಂಡೆಯಲ್ಲೇ' ಎಂದು ಚೆಂದ ಮಾಡಿದ್ದಳು. ಅಷ್ಟೇ. ಇಡೀ ಆಫೀಸಿನ ಪ್ರಾಣ ಹಿಂಡುವವಳು ಅಂದು ತನ್ನನ್ನು ತಾನು ಒಂದು ಮಾತು ಕೇಳಿರಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು. ಯಾರೋ ತಂದಿಟ್ಟ ಟೀ ಕೆನೆಗಟ್ಟಿತು. ತಮ್ಮನಿಗೆ ಈ ಎಡಬಲದ ನಿಯಮವನ್ನು ಅವಳೇ ನೂರು ಸಲ ಹೇಳಿಕೊಟ್ಟಿದ್ದಳು. ಊಟದ ಮೇಜಿನ ಮೇಲೆ ನೀರು ಚೆಲ್ಲಿ, ಬೆರಳಿನಿಂದ ಹಳ್ಳ ಎಳೆದು, "ನೀರು ಹೋಗೋ ಕಡೆ ಮುಖ ಮಾಡೋ ಮಂಕೆ," ಎಂದು ಗದರಿದ್ದಳು. ಬೇರೆಯವರಾದರೆ ಗೊತ್ತಿಲ್ಲದೆ ಬದುಕಿಕೊಂಡಾರು, ಇವನಿಗೆ ಗೊತ್ತಿದೆ. ಅವನ ಮೂವತ್ತೆರಡು ವರ್ಷದ ಮುಖ ನೆನಪಿಗೆ ಬರಲಿಲ್ಲ. ಶಾಲೆಯ ಮೆಟ್ಟಿಲಲ್ಲಿ ಚಪ್ಪಲಿ ಅದಲುಬದಲು ಹಾಕಿಕೊಂಡು ನಿಂತ ಮುಖ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಹರಕೆ ಹೊರೋಣವೆಂದರೆ ಯಾವ ದೇವರಿಗೆಂದು ಹೊರುವುದು?

ಒಂದು ಗಂಟೆಗೆ ಫೋನು ಹೊಡೆದುಕೊಂಡಿತು.

"ಏನೇ ಅಕ್ಕ, ಹದಿನಾರು ಸಲ ಫೋನ್ ಮಾಡಿದ್ಯಾ? ನೆತ್ತಿ ಮೇಲೆ ಬಂದ್ಮೇಲೆ ಸಿಗ್ನಲ್ ಬಂತು."

ಹೋದ ಜೀವ ಬಂದಂತಾಯಿತು. ಅವಳು ನೆಲದ ಮೇಲೇ ಕುಳಿತಳು.

"ಸೇತುವೆ ಹತ್ರ ಯಾವ ಕಡೆ ಹೋದೆ ನೀನು?"

"ಎಡಕ್ಕೆ. ನಿನ್ನ ಪುಸ್ತಕದಲ್ಲಿ ಹಾಗೇ ಇದ್ಯಲ್ಲ."

"ಎಡ ಅಂದ್ರೆ?"

"ಎಡ ಅಂದ್ರೆ ಎಡ ಕಣೆ. ಗಡಿಯಾರ ಕಟ್ಟೋ ಕೈ."

"ಅಯ್ಯೋ, ನೀರು ಹೋಗೋ ಕಡೆ ಮುಖ ಮಾಡ್ಬೇಕು ಅಂತ ನಾನು ಎಷ್ಟು ಸಲ..."

"ಊಟದ ಹೊತ್ತಲ್ಲಿ ನೀನು ಹೇಳೋದನ್ನೆಲ್ಲ ನಾನು ಕೇಳ್ತೀನಿ ಅಂದ್ಕೊಂಡಿದ್ಯಾ?"

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅವಳ ತಪ್ಪನ್ನು ಅವನ ತಪ್ಪು ಸರಿ ಮಾಡಿತ್ತು. ಬಾಗಿಲಲ್ಲಿ ನಿಂತಿದ್ದ ಯಜಮಾನರಿಗೆ ಕೈಸನ್ನೆಯಲ್ಲೇ, ಇದ್ದಾನೆ, ಚೆನ್ನಾಗಿದ್ದಾನೆ ಎಂದಳು.

"ನಿನ್ನ ಅಭಿಮಾನಿಗಳೂ ಸಿಕ್ಕಿದ್ರು," ಎಂದ ತಮ್ಮ, ಏನನ್ನೋ ಅಗಿಯುತ್ತ. "ಗಂಡ ಹೆಂಡ್ತಿ, ರಿಟೈರಾದ ಮೇಷ್ಟ್ರು. ಸೇತುವೆ ಹತ್ರ ಡೇರೆ ಹಾಕಿದ್ರು. ನಿನ್ನ ಪುಸ್ತಕ ಅವರ ಕೈಯಲ್ಲೂ ಇತ್ತು, ಒಂದೊಂದು ಸಾಲಿಗೂ ಗೆರೆ ಎಳ್ಕೊಂಡಿದಾರೆ. ಮಾಡಿದೋರು ಬಹಳ ಜಾಗ್ರತೆ ಮನುಷ್ಯರು ಅಂತ ಹೊಗಳಿದ್ದೇ ಹೊಗಳಿದ್ದು."

ಅವಳ ನಗು ಅರ್ಧಕ್ಕೇ ನಿಂತಿತು.

"ನಾನು ಹೊರಟ್ರೆ, ಮೇಷ್ಟ್ರು ತಡೆದು ನಂಗೇ ಪಾಠ ಮಾಡಿದ್ರು. 'ಮೊದಲ ಪುಟ ಓದಿಲ್ವೇನಯ್ಯಾ, ಎಡದಂಡೆ ಅಂದ್ರೆ ಆ ಕಡೆ' ಅಂತ. ನಾನೂ ಹಟ ಬಿಡ್ಲಿಲ್ಲ. ಯಾರು ಮೊದ್ಲು ನೆತ್ತಿ ಮುಟ್ತಾರೆ ನೋಡೋಣ ಅಂತ ಪಂದ್ಯ ಕಟ್ಟಿ ಆ ಕಡೆ ಹೋದ್ರು. ನಾನೇ ಗೆದ್ದೆ."

"ಅವರು ಬಂದ್ರಾ?"

"ಇನ್ನೂ ಇಲ್ಲ. ಮುಕ್ಕಾಲು ಗಂಟೆಯಿಂದ ಕಾಯ್ತಿದೀನಿ, ಅವರ ಪಾಲಿನ ಬಿಸ್ಕತ್ತೂ ಮುಗೀತು."

ಅವಳ ಕೈಯಲ್ಲಿ ಫೋಟೊ ಇನ್ನೂ ಹಾಗೇ ಇತ್ತು. ಬೆಳಗ್ಗೆಯಿಂದ ಅವಳು ಒಬ್ಬನಿಗಾಗಿ ಮಾತ್ರ ಹೆದರಿದ್ದಳು.

"ಅಂಚಿಗೆ ಹೋಗ್ಬೇಡ," ಎಂದಳು. "ನಿಂತಲ್ಲಿಂದಲೇ ಅವರು ಬರೋ ಕಡೆ ನೋಡು."

"ಯಾಕೆ, ಏನಾಯ್ತು?"

"ನೋಡೋ."

"ತಾಳು, ಮಂಜು ಸರೀತಿದೆ." ಫೋನಿನಲ್ಲಿ ಗಾಳಿಯ ಸದ್ದು ತುಂಬಿಕೊಂಡಿತು. ಅವನು ಯಾರನ್ನೋ ಗಟ್ಟಿಯಾಗಿ ಕೂಗಿದ, ಇನ್ನೊಮ್ಮೆ ಕೂಗಿದ. ಆಮೇಲೆ ಅವನ ದನಿ ತೀರಾ ಹತ್ತಿರದಿಂದ, ತೀರಾ ಮೆಲ್ಲಗೆ ಬಂತು.

"ಅಕ್ಕಾ, ಆ ಕಡೆ ದಾರೀನೇ ಇಲ್ವಲ್ಲೇ."