ಎಳ್ಳುಂಡೆಯೂ ಎಡಗಡೆಯ ಉಂಗುರವೂ

ಸೋಮವಾರ ಬೆಳಿಗ್ಗೆ ಪರೀಕ್ಷೆಗೆ ಕೂರಬೇಕಿದ್ದದ್ದು ಪ್ರಫುಲ್ಲಾಳ ಬಾಯಿ. ಉಳಿದ ಪ್ರಫುಲ್ಲಾ ಅದರ ಜೊತೆಗೆ ಹೋದರೆ ಸಾಕಿತ್ತು.

ಕಾರ್ಕಳದ ಕ್ಲಾರೆನ್ಸ್ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರಿಕೆಯಲ್ಲಿ ಮೇಲಿನ ಡಿಗ್ರಿ ಓದುತ್ತಿದ್ದ. ಕಾಪುವಿನ ಈ ಹುಡುಗಿಯ ಉಬ್ಬುಹಲ್ಲುಗಳಿಗೆ ಅವನು ಒಂದೂವರೆ ವರ್ಷದಿಂದ ದವಡೆಹಲ್ಲಿಗೆ ಉಂಗುರ ತೊಡಿಸಿ, ತಂತಿ ಕಟ್ಟಿ, ಬಿಗಿದು, ಬೈದು, ಮತ್ತೆ ಬಿಗಿದು ಸಾಲಿಗೆ ತಂದಿದ್ದ. ಹೊರಗಿನಿಂದ ಬರುವ ಪರೀಕ್ಷಕರಿಗೆ ಆ ಕೆಲಸವನ್ನು ಬಾಯಿ ತೆರೆಸಿ ತೋರಿಸಬೇಕು. ಅದೇ ಅವನ ಪರೀಕ್ಷೆ. ಹಿಂದಿನ ಸಲ ಅವನು ಫೇಲು. ಅವನ ಆಗಿನ ರೋಗಿ ಭೋಜ, ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಸಿಕ್ಕಿತೆಂದು ಪರೀಕ್ಷೆಯ ವಾರವೇ ಬಾಯೊಳಗಿನ ತಂತಿ ಸಮೇತ ಬಸ್ಸು ಹತ್ತಿದ್ದ. ಈ ಸಲವೂ ಹೋದರೆ ಓದು ಸಾಕು, ಬೇಕರಿಗೆ ಬಂದು ಬನ್ನು ಬೇಯಿಸು ಎಂದು ಕ್ಲಾರೆನ್ಸನ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಶನಿವಾರ ಅವನು ಕನ್ನಡಕ ಮೇಲಕ್ಕೆ ತಳ್ಳಿ, ಮೂಗಿನಲ್ಲೇ ಹೇಳಿದ್ದ: "ನೋಡು ಮಾರಾಯ್ತಿ, ಕಚ್ಚಬೇಡ. ಚಕ್ಕುಲಿ ಕಚ್ಚಬೇಡ, ಕಬ್ಬು ಕಚ್ಚಬೇಡ, ಪೇರಳೆ ಕಚ್ಚಬೇಡ. ಸೋಮವಾರದವರೆಗೆ ನನ್ನ ಜೀವ ನಿನ್ನ ಬಾಯಲ್ಲಿ ಉಂಟು."

ಭಾನುವಾರ ಕಟಪಾಡಿಯಲ್ಲಿ ದೊಡ್ಡಮ್ಮನ ಮಗಳು ಸುಗಂಧಿಯ ಬಯಕೆ ಊಟ. ಚೊಚ್ಚಲ ಬಸುರಿ. ಊಟವಾದ ಮೇಲೆ ಸುಗಂಧಿ ತನ್ನ ತಟ್ಟೆಯ ಎಳ್ಳುಂಡೆಗಳನ್ನು ಮದುವೆಯಾಗದ ಹುಡುಗಿಯರಿಗೆ ಕೈಯಾರೆ ಹಂಚಿದಳು. ಅದು ಆ ಮನೆಯ ಕ್ರಮ. ಪುಷ್ಪಾವತಿ ದೊಡ್ಡಮ್ಮನ ಬೆಲ್ಲದ ಪಾಕ ಒಂದು ಎಳೆ ಹೆಚ್ಚೇ ಏರುವುದು. ಅವರ ಎಳ್ಳುಂಡೆ ಉರುಳಿಬಿದ್ದರೆ ನೆಲ ನೋಡಬೇಕು, ಉಂಡೆಯನ್ನಲ್ಲ.

"ನನಗೆ ಬೇಡ ಅಕ್ಕ," ಎಂದಳು ಪ್ರಫುಲ್ಲಾ. ಕಾರಣ ಕೇಳಿದವರಿಗೆ ಕ್ಲಾರೆನ್ಸನನ್ನೇ ಮಾಡಿ ತೋರಿಸಿದಳು: ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಮೂಗಿನಲ್ಲಿ, "ಚಕ್ಕುಲಿ ಕಚ್ಚಬೇಡ, ಕಬ್ಬು ಕಚ್ಚಬೇಡ..." ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ನಗಲಿಲ್ಲ.

"ಬಸುರಿ ಕೈಯಿಂದ ಕೊಟ್ಟದ್ದು. ಬೇಡ ಹೇಳುದಾ? ನಿನ್ನ ಡಾಕ್ಟ್ರು ಎಂತ ಹೇಳಿದ್ದು, ಕಚ್ಚಬೇಡ ಅಂತ ಅಲ್ವಾ?"

"ಹೌದು."

"ಹಾಗಾದ್ರೆ ಕಚ್ಚಬೇಡ. ಬಾಯಲ್ಲಿ ಇಟ್ಟುಕೋ. ಅದೇ ಕರಗ್ತದೆ."

ಮಾತಿನಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಸುಗಂಧಿಯ ಕೈ ಚಾಚಿಕೊಂಡೇ ಇತ್ತು. ಪ್ರಫುಲ್ಲಾ ಉಂಡೆಯನ್ನು ಎಡಗೆನ್ನೆಯೊಳಗೆ ಇಟ್ಟುಕೊಂಡಳು.

ಹಾಗೆಯೇ ಬಸ್ಸು ಹತ್ತಿದಳು. ಉಂಡೆ ಕರಗಲಿಲ್ಲ, ಮೆತ್ತಗಾಯಿತು. ಮೆತ್ತಗಾಗಿ ಹಲ್ಲು, ತಂತಿ, ಉಂಗುರ ಎಲ್ಲವನ್ನೂ ತಬ್ಬಿಕೊಂಡಿತು. ಕಾಪು ಬಂತೆಂದು ಕಂಡಕ್ಟರ್ ಕೂಗಿದ. ಹಿಂದಿನವರು "ಇಳೀತೀರಾ?" ಎಂದು ಕೇಳಿದರು. ಉತ್ತರಿಸಲು ಅವಳು ಬಾಯಿ ತೆರೆಯಹೋದಳು. ತೆರೆಯಲಿಲ್ಲ. ಇನ್ನಷ್ಟು ಜೋರಾಗಿ ತೆರೆದಳು.

ಟಿಕ್.

ಮನೆಗೆ ಓಡಿ, ಬಿಸಿನೀರು ಮುಕ್ಕಳಿಸಿ ಕನ್ನಡಿಯಲ್ಲಿ ನೋಡಿದರೆ, ಮೇಲಿನ ಎಡ ದವಡೆಹಲ್ಲಿನ ಉಕ್ಕಿನ ಉಂಗುರ ಹಲ್ಲು ಬಿಟ್ಟು ತಂತಿಯಲ್ಲಿ ನೇತಾಡುತ್ತಿತ್ತು. ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚುತ್ತಿತ್ತು. ನೋವಿಗಿಂತ ಹೆಚ್ಚು ಅವಳನ್ನು ಕಾಡಿದ್ದು ಕಾರ್ಕಳದ ಆ ಬೇಕರಿ.

ಸೋಮವಾರ ಮೊದಲ ಬಸ್ಸಿಗೇ ಹೊರಟು, ಉಡುಪಿಯಲ್ಲಿ ಬಸ್ಸು ಬದಲಿಸಿ, ಮಣಿಪಾಲ ತಲುಪಿದಾಗ ಕ್ಲಾರೆನ್ಸ್ ಬಾಗಿಲಲ್ಲೇ ನಿಂತಿದ್ದ. ಒತ್ತಿ ಇಸ್ತ್ರಿ ಮಾಡಿದ ಬಿಳಿ ಕೋಟು. ಅವಳು ಮಾತಾಡದೆ ಬಾಯಿ ತೆರೆದಳು. ಅವನ ಮುಖದ ಬಣ್ಣ ಕೋಟಿಗೆ ಸರಿಯಾಯಿತು.

"ಕಚ್ಚಿದೆಯಾ?"

"ದೇವರಾಣೆ ಕಚ್ಚಲಿಲ್ಲ. ಎಳ್ಳುಂಡೆ. ಬಾಯಲ್ಲಿ ಇಟ್ಟುಕೊಂಡೆ ಅಷ್ಟೆ."

"ಇಟ್ಟುಕೊಂಡೆಯಾ! ಅಯ್ಯೋ ಮಾರಾಯ್ತಿ, ಅದು ಕಚ್ಚುದಕ್ಕಿಂತ..." ಅವನು ನಿಲ್ಲಿಸಿದ. ಅಂಟುವುದನ್ನು ತಿನ್ನಬೇಡ ಎಂದು ತಾನು ಹೇಳಿಯೇ ಇರಲಿಲ್ಲವೆಂಬುದು ಅವನಿಗೂ ಆಗಲೇ ಹೊಳೆದಿರಬೇಕು.

ಕುರ್ಚಿಯಲ್ಲಿ ಕೂರಿಸಿ, ಹಲ್ಲು ಒರೆಸಿ, ಸಿಮೆಂಟು ಕಲಸಿ ಉಂಗುರವನ್ನು ಮತ್ತೆ ಹಲ್ಲಿಗೆ ಕೂರಿಸಿದ. ಸಿಮೆಂಟು ಗಟ್ಟಿಯಾಗುವ ಹೊತ್ತಿಗೆ ಕಾರಿಡಾರಿನಲ್ಲಿ ಬೂಟಿನ ಸದ್ದು.

ಪರೀಕ್ಷಕರು ಬೆಂಗಳೂರಿನವರು, ನಗುವುದನ್ನು ಮರೆತ ಮುಖದವರು. ಪುಟ್ಟ ಕನ್ನಡಿಯನ್ನು ಬಾಯೊಳಗೆ ಆಡಿಸುತ್ತ ಬಲಗಡೆ ನೋಡಿದರು, ಮುಂದೆ ನೋಡಿದರು. ಎಡಗಡೆ ಬಂದಾಗ ಕನ್ನಡಿ ನಿಂತಿತು.

"ಈ ಸಿಮೆಂಟು ಇವತ್ತಿಂದು."

"ಹೌದು ಸರ್. ಉಂಗುರ ಬಿಟ್ಟಿತ್ತು," ಎಂದ ಕ್ಲಾರೆನ್ಸ್.

"ಯಾಕೆ ಬಿಡ್ತು? ನಿಮ್ಮ ಕೆಲಸ ಸರಿಯಿರ್ಲಿಲ್ವೋ, ನೀವು ಹೇಳಿಕೊಡ್ಲಿಲ್ವೋ, ಇಲ್ಲ ಈ ಹುಡುಗಿ ಮಾತು ಕೇಳ್ಲಿಲ್ವೋ? ಮೊದಲೆರಡಾದ್ರೆ ಈ ಕೇಸನ್ನ ನಾನು ಪಾಸು ಮಾಡಲ್ಲ." ಕ್ಲಾರೆನ್ಸ್ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. "ನೀವು ಸುಮ್ಮನಿರಿ. ಏನಮ್ಮಾ, ಡಾಕ್ಟ್ರು ಏನು ಹೇಳಿದ್ರು? ಅವರು ಹೇಳಿದ ಹಾಗೇ ಹೇಳು."

ಹೇಳಿದ ಹಾಗೇ! ಪ್ರಫುಲ್ಲಾಳ ಬೆರಳು ತಾನಾಗಿಯೇ ಮೂಗಿನ ಮೇಲೆ ಹೋಯಿತು.

"ನೋಡು ಮಾರಾಯ್ತಿ, ಕಚ್ಚಬೇಡ," ಎಂದಳು ಮೂಗಿನಲ್ಲಿ. ಹಿಂದೆ ನಿಂತಿದ್ದ ನರ್ಸ್ ಗ್ಲ್ಯಾಡಿಸ್ ಸೆರಗಿಲ್ಲದ್ದಕ್ಕೆ ಅಂಗೈಯಿಂದಲೇ ಬಾಯಿ ಮುಚ್ಚಿಕೊಂಡಳು. "ಚಕ್ಕುಲಿ ಕಚ್ಚಬೇಡ, ಕಬ್ಬು ಕಚ್ಚಬೇಡ, ಪೇರಳೆ ಕಚ್ಚಬೇಡ..."

ಅಲ್ಲಿಗೆ ಕ್ಲಾರೆನ್ಸನ ಮಾತು ಮುಗಿದಿತ್ತು. ಪರೀಕ್ಷಕರು ಕಾಯುತ್ತಿದ್ದರು. ಕ್ಲಾರೆನ್ಸ್ ನೆಲ ನೋಡುತ್ತಿದ್ದ. ಅವನ ಕಿವಿ ಮಾತ್ರ ಕೆಂಪಗೆ ಇತ್ತ ತಿರುಗಿತ್ತು. ನಿಲ್ಲಿಸಿದರೆ ಅದು ಸತ್ಯ, ಮತ್ತು ಅವನಿಗೆ ಬೇಕರಿಯ ಬನ್ನು.

ಅವಳು ಇಲ್ಲದ ಕನ್ನಡಕವನ್ನು ಇನ್ನೊಮ್ಮೆ ತಳ್ಳಿದಳು.

"ಮತ್ತೆ ಅಂಟುದು ಬಾಯಿಗೇ ಹಾಕಬೇಡ. ಎಳ್ಳುಂಡೆ, ಚಿಕ್ಕಿ, ಚಾಕಲೇಟು, ಒಂದೂ ಬೇಡ. ಗೊತ್ತಾಯ್ತಾ ಮಾರಾಯ್ತಿ?" ಆಮೇಲೆ ತನ್ನ ದನಿಯಲ್ಲಿ, ತಲೆ ತಗ್ಗಿಸಿ, "ಇಷ್ಟು ಹೇಳಿದ್ರು ಸರ್. ನಾನೇ ಆಸೆಗೆ ಬಿದ್ದು ಎಳ್ಳುಂಡೆ ತಿಂದೆ."

ಪರೀಕ್ಷಕರು ಅವಳನ್ನು ನೋಡಿದರು, ಕ್ಲಾರೆನ್ಸನನ್ನು ನೋಡಿದರು.

"ಹಾಗಾದ್ರೆ ಇವಳು ಸಿಹಿಯನ್ನೇ ತಿನ್ನಬಾರದೇನ್ರಿ ಡಾಕ್ಟ್ರೇ? ಉಡುಪಿ ಸೀಮೆ ಹುಡುಗಿ!"

ಕ್ಲಾರೆನ್ಸ್ ತಲೆ ಎತ್ತಿದ. ಮೊದಲ ಶಬ್ದ ತೊದಲಿತು, ಮುಂದಿನವು ಬಂದವು. "ತಿನ್ನಬಹುದು ಸರ್. ಮೆತ್ತಗಿನದ್ದು. ಪಾಯಸ, ಹಾಲುಬಾಯಿ, ರವೆಯ ಶೀರಾ. ಲಾಡು ಆದ್ರೆ ಕೈಯಲ್ಲೇ ಪುಡಿ ಮಾಡಿ ಸ್ವಲ್ಪ ಸ್ವಲ್ಪ. ಊಟದ ಜೊತೆಗೇ ತಿಂದು ಮುಗಿಸಬೇಕು, ದಿನವಿಡೀ ಬಾಯಾಡಿಸಬಾರದು. ಕೂಡಲೇ ಬಾಯಿ ಮುಕ್ಕಳಿಸಿ, ತಂತಿಯ ಮೇಲೆ, ಕೆಳಗೆ ಬ್ರಷ್ ಮಾಡಬೇಕು. ಇಲ್ಲದಿದ್ರೆ ತಂತಿ ತೆಗೆಯುವಾಗ ಹಲ್ಲು ನೆಟ್ಟಗೆ ಇರ್ತದೆ, ಆದ್ರೆ ಹುಳುಕು ಹಿಡಿದಿರ್ತದೆ."

"ಹ್ಞಂ." ಪರೀಕ್ಷಕರು ಕೈ ತೊಳೆಯಲು ಹೋದರು. "ಕೆಲಸ ಚೆನ್ನಾಗಿದೆ. ಪಾಸು ಮಾಡಬಹುದು. ಇಂಥ ತಲೆಹರಟೆ ರೋಗಿಯನ್ನ ಇಟ್ಟುಕೊಂಡೂ ಇಷ್ಟು ಮಾಡಿದ್ದೀರಲ್ಲ, ಅದಕ್ಕೆ. ಏನಮ್ಮಾ, ನಾಚಿಕೆ ಆಗಲ್ವಾ? ಒಂದು ಉಂಡೆಗೋಸ್ಕರ ಇವರ ಶ್ರಮಾನೆಲ್ಲ ಹಾಳು ಮಾಡ್ತಿದ್ದೆಯಲ್ಲ!"

"ಆಗ್ತದೆ ಸರ್," ಎಂದಳು ಪ್ರಫುಲ್ಲಾ, ಕುರ್ಚಿಯಿಂದ ಎದ್ದು ನಿಂತು.

ಬೂಟಿನ ಸದ್ದು ಕಾರಿಡಾರಿನ ತುದಿ ಮುಟ್ಟುವವರೆಗೆ ಇಬ್ಬರೂ ಅಲುಗಲಿಲ್ಲ. ಕ್ಲಾರೆನ್ಸ್ ಗೋಡೆಗೆ ಒರಗಿದ.

"ಅಂಟುದು ಬೇಡ ಅಂತ ನಾನು ಯಾವಾಗ ಹೇಳಿದ್ದು?"

"ಈಗ ಹೇಳಿದ್ರಲ್ಲ ಡಾಕ್ಟ್ರೇ. ಗ್ಲ್ಯಾಡಿಸ್ ಸಿಸ್ಟರೂ ಕೇಳಿದ್ದಾರೆ."

ಅವನು ನಗಲು ಹೋದ; ಬಾಯಿಯ ಬದಲು ಕಣ್ಣು ತುಂಬಿತು. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದ, ಕುರ್ಚಿ ತೋರಿಸಿದ.

"ಕೂತುಕೋ. ಆ ತಂತಿ ಕೆನ್ನೆಗೆ ಎಲ್ಲಿ ಚುಚ್ಚಿದ್ದು, ನೋಡುವ."